ಕೈಮರ ಮತ್ತು ತಕ್ಕಡಿ

ಕೆಲವು ವರ್ಷಗಳಿಂದ ನಮ್ಮ ವೃತ್ತಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ವರ್ಷಕ್ಕೊಮ್ಮೆ ತಪ್ಪದೆ ಕಾಣಿಸಿಕೊಳ್ಳುತ್ತಿದೆ. ಇಂಥ ಊರಿನ ಇಂಥ ವಿಶ್ವವಿದ್ಯಾನಿಲಯದ ಇಷ್ಟು ಮಂದಿ ಅಧ್ಯಾಪಕರು ಜಗತ್ತಿನ ಶೇಕಡ ಎರಡರಷ್ಟು ಶ್ರೇಷ್ಠ ವಿಜ್ಞಾನಿಗಳ ಪಟ್ಟಿಗೆ ಸೇರಿದ್ದಾರೆ ಎಂಬ ಸುದ್ದಿ ಅದು. ಜೊತೆಗೆ ಅವರ ಭಾವಚಿತ್ರಗಳಿರುತ್ತವೆ, ಆಡಳಿತ ವರ್ಗದವರ ಅಭಿನಂದನೆಯಿರುತ್ತದೆ. ಓದಿದವರಿಗೆ ಸಂತೋಷವಾಗುತ್ತದೆ, ಆಗಬೇಕಾದದ್ದೇ. ನಮ್ಮವರ ಹೆಸರು ಹೊರಗೆ ಕೇಳಿಬಂದರೆ ಯಾರಿಗೆ ಹಿಗ್ಗಿಲ್ಲ? ಆದರೆ ಇಂಥ ಸುದ್ದಿಗಳಲ್ಲಿ ಒಂದು ಸಂಗತಿ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಆ ವಿಜ್ಞಾನಿ ಏನನ್ನು ಕಂಡುಹಿಡಿದರು, ಅದರಿಂದ ನಮ್ಮ ತಿಳಿವಳಿಕೆಯಲ್ಲಿ ಯಾವ ವ್ಯತ್ಯಾಸವಾಯಿತು, ಎಂಬುದೇ ಆ ಸಂಗತಿ. ಮದುವೆಯ ಕರೆಯೋಲೆಯಲ್ಲಿ ಛತ್ರದ ಹೆಸರು, ಲಗ್ನದ ಹೊತ್ತು ಎಲ್ಲ ಅಚ್ಚಾಗಿ ವಧೂವರರ ಹೆಸರೇ ಬಿಟ್ಟುಹೋದಂತೆ ಇದು.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ; ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ವಿಜ್ಞಾನಿಗಳ ಪಟ್ಟಿಯ ವಿಚಾರ ಇವನಿಗೇಕೆ ಎಂದು ವಾಚಕರು ಕೇಳಿದರೆ ತಪ್ಪಿಲ್ಲ. ಈ ಪಟ್ಟಿಗಳೆಲ್ಲ ನಿಂತಿರುವುದು ಒಬ್ಬ ವಿದ್ವಾಂಸ ತನ್ನ ಲೇಖನದಲ್ಲಿ ಇನ್ನೊಬ್ಬನ ಲೇಖನವನ್ನು ಹೆಸರಿಸುವ ಪದ್ಧತಿಯ ಮೇಲೆ, ಅಂದರೆ ಉಲ್ಲೇಖದ ಮೇಲೆ. ಉಲ್ಲೇಖವೆಂಬುದು ಕನ್ನಡದ ಅಧ್ಯಾಪಕನಿಗೆ ಹೊಸದಲ್ಲ. ನಮ್ಮ ಸಾಹಿತ್ಯಚರಿತ್ರೆಯ ಎಷ್ಟೋ ಭಾಗ ಉಲ್ಲೇಖಗಳ ಆಧಾರದಿಂದಲೇ ಕಟ್ಟಿದ್ದು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕನ್ನಡ ಗದ್ಯ ಇಂದು ನಮ್ಮ ಕೈಯಲ್ಲಿಲ್ಲ; ಉಳಿದಿರುವುದು ಆ ಹೆಸರುಗಳು ಮಾತ್ರ. ಮೊದಲನೆಯ ಗುಣವರ್ಮನ ಕೃತಿಗಳು ಅಳಿದರೂ, ಮಲ್ಲಿಕಾರ್ಜುನನ 'ಸೂಕ್ತಿಸುಧಾರ್ಣವ'ದಂಥ ಸಂಕಲನಗಳಲ್ಲಿ ಅವನ ಪದ್ಯಗಳು ಉಳಿದುಕೊಂಡದ್ದರಿಂದ ಅವನೊಬ್ಬ ಕವಿಯಿದ್ದನೆಂದು ನಾವು ಬಲ್ಲೆವು. ೧೯೦೭ರಲ್ಲಿ ಆರ್. ನರಸಿಂಹಾಚಾರ್ಯರು 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟವನ್ನು ಹೊರತಂದಾಗ ಇಂಥ ಉಲ್ಲೇಖಗಳೇ ಅವರ ಊರುಗೋಲುಗಳಾಗಿದ್ದವು. ಆದ್ದರಿಂದ ಉಲ್ಲೇಖವನ್ನು ಹಗುರವಾಗಿ ಕಾಣುವ ಬುದ್ಧಿ ನನ್ನದಲ್ಲ.

ಆದರೆ ಈ ಕೆಲಸದಲ್ಲಿ ಪಳಗಿದವರಿಗೆ ಇನ್ನೊಂದು ಮಾತೂ ಗೊತ್ತು. ಎಲ್ಲ ಉಲ್ಲೇಖಗಳೂ ಒಂದೇ ತೂಕದವಲ್ಲ. ನಮ್ಮ ಕಾವ್ಯಗಳ ಆರಂಭದಲ್ಲಿ ಪೂರ್ವಕವಿಗಳನ್ನು ಸ್ತುತಿಸುವುದು ಒಂದು ಸಂಪ್ರದಾಯ. ಒಬ್ಬ ಕವಿ ಹಿಂದಿನವನನ್ನು ನೆನೆದದ್ದು ಅವನ ಕಾವ್ಯದಲ್ಲಿ ಮುಳುಗಿ ಎದ್ದು. ಇನ್ನೊಬ್ಬ ನೆನೆದದ್ದು ನೆನೆಯದಿದ್ದರೆ ಲಕ್ಷಣ ತಪ್ಪೀತೆಂದು. ಮತ್ತೊಬ್ಬ ಹೆಸರೆತ್ತಿದ್ದು ತಾನು ಅವನಿಗಿಂತ ಮೇಲೆಂದು ತೋರಿಸುವುದಕ್ಕೆ. ಈ ಮೂವರನ್ನೂ ಒಂದೊಂದು ಗೀಟಾಗಿ ಗೋಡೆಯ ಮೇಲೆ ಎಳೆದು, ಹೆಚ್ಚು ಗೀಟು ಬಂದವನೇ ಹಿರಿಯ ಕವಿ ಎಂದು ತೀರ್ಮಾನಿಸುವ ವಿದ್ಯಾರ್ಥಿಗೆ ನಾವು ಎಷ್ಟು ಅಂಕ ಕೊಡುತ್ತೇವೆ? ಕಾವ್ಯವನ್ನು ಓದಿ ಬಾ ಎಂದು ಹಿಂದಕ್ಕೆ ಕಳುಹಿಸುತ್ತೇವೆ.

ವಿಜ್ಞಾನದಲ್ಲಿ ಉಲ್ಲೇಖಗಳ ಸೂಚಿಯೆಂಬುದು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಅಮೆರಿಕದ ವಕೀಲರಿಗೆ ಒಂದು ಕಷ್ಟವಿತ್ತು. ಹಳೆಯ ತೀರ್ಪೊಂದನ್ನು ಆಧಾರವಾಗಿ ಹಿಡಿದು ವಾದಿಸುವ ಮೊದಲು, ಆ ತೀರ್ಪು ಇನ್ನೂ ಊರ್ಜಿತವಾಗಿದೆಯೇ, ಮುಂದಿನ ನ್ಯಾಯಾಲಯಗಳು ಅದನ್ನು ತಳ್ಳಿಹಾಕಿವೆಯೇ ಎಂಬುದು ತಿಳಿಯಬೇಕು. ಅದಕ್ಕಾಗಿ ಫ್ರ್ಯಾಂಕ್ ಶೆಪರ್ಡ್ ಎಂಬಾತ ೧೮೭೩ರಲ್ಲಿ ಒಂದು ಸೂಚಿಯನ್ನು ಆರಂಭಿಸಿದ. ಪ್ರತಿ ತೀರ್ಪನ್ನೂ ಮುಂದೆ ಯಾರು ಯಾರು ಹೆಸರಿಸಿದರು, ಒಪ್ಪಿದರೋ ತಿರಸ್ಕರಿಸಿದರೋ, ಎಂಬುದು ಅದರಲ್ಲಿ ಕಾಣುತ್ತಿತ್ತು. ಇದನ್ನು ಮಾದರಿಯಾಗಿಟ್ಟುಕೊಂಡು ಯೂಜಿನ್ ಗಾರ್‌ಫೀಲ್ಡ್ ಎಂಬವರು ೧೯೫೫ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ವಿಜ್ಞಾನಕ್ಕೂ ಇಂಥದೊಂದು ಸೂಚಿ ಬೇಕು. ಹಳೆಯ ಲೇಖನವನ್ನು ನೆಚ್ಚಿಕೊಳ್ಳುವ ಮೊದಲು ಅದನ್ನು ಯಾರಾದರೂ ಟೀಕಿಸಿದ್ದಾರೆಯೇ, ಅದು ಹಳತಾಗಿದೆಯೇ, ಅದರಲ್ಲಿ ಮೋಸವೇನಾದರೂ ಇದೆಯೇ ಎಂದು ಓದುವವನಿಗೆ ತಿಳಿಯಬೇಕು, ಎಂಬುದು ಅವರ ವಾದಗಳಲ್ಲಿ ಮುಖ್ಯವಾದದ್ದು. ೧೯೬೪ರಲ್ಲಿ ಅವರ ಸಂಸ್ಥೆ ಫಿಲಡೆಲ್ಫಿಯಾದಿಂದ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಎಂಬ ಸೂಚಿಯನ್ನು ಹೊರತಂದಿತು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಸೂಚಿ ಹುಟ್ಟಿದ್ದು ವಿಮರ್ಶೆಗೆ ನೆರವಾಗಲೆಂದು. ದಾರಿ ಕವಲೊಡೆಯುವಲ್ಲಿ ನೆಟ್ಟ ಕೈಮರದಂತೆ, 'ಇತ್ತ ಹೋದರೆ ಈ ಲೇಖನದ ಮೇಲಿನ ಚರ್ಚೆ ಸಿಗುತ್ತದೆ' ಎಂದು ಅದು ತೋರಿಸುತ್ತಿತ್ತು. ಕೈಮರದ ಕೆಲಸ ದಾರಿ ತೋರಿಸುವುದು, ನಡೆಯಬೇಕಾದವನು ಪ್ರಯಾಣಿಕ. ಮುಂದೆ ಆದದ್ದೇ ಬೇರೆ. ಸೂಚಿಯಲ್ಲಿ ಎಲ್ಲ ಉಲ್ಲೇಖಗಳೂ ಒಂದೆಡೆ ಸೇರಿದ್ದರಿಂದ ಅವನ್ನು ಎಣಿಸುವುದು ಸುಲಭವಾಯಿತು. ಎಣಿಸುವುದು ಸುಲಭವಾದ ಮೇಲೆ ಎಣಿಸದಿರುವುದು ಕಷ್ಟವಾಯಿತು. ವಕೀಲರ ಸೂಚಿಯಲ್ಲಿ 'ಒಪ್ಪಿದರು', 'ತಳ್ಳಿಹಾಕಿದರು' ಎಂಬ ಗುರುತುಗಳಾದರೂ ಇದ್ದವು. ವಿಜ್ಞಾನದ ಎಣಿಕೆಯಲ್ಲಿ ಅವೂ ಉಳಿಯಲಿಲ್ಲ. ಹೊಗಳಿದ್ದೂ ಒಂದೇ, ತೆಗಳಿದ್ದೂ ಒಂದೇ. ಕೈಮರವನ್ನು ಕಿತ್ತು ತಕ್ಕಡಿ ಮಾಡಿದ ಹಾಗಾಯಿತು.

೨೦೦೫ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಈ ತಕ್ಕಡಿಗೆ ಒಂದು ಅಚ್ಚುಕಟ್ಟಾದ ಬಟ್ಟನ್ನು ಒದಗಿಸಿದರು. ಅದಕ್ಕೆ 'ಎಚ್ ಸೂಚ್ಯಂಕ' ಎಂದು ಹೆಸರು. ಅದರ ಲೆಕ್ಕ ಸುಲಭ. ಒಬ್ಬ ವಿಜ್ಞಾನಿಯ ಲೇಖನಗಳಲ್ಲಿ ಹತ್ತು ಲೇಖನಗಳನ್ನು ತಲಾ ಹತ್ತು ಸಲವಾದರೂ ಇತರರು ಹೆಸರಿಸಿದ್ದು, ಹನ್ನೊಂದು ಲೇಖನಗಳಿಗೆ ತಲಾ ಹನ್ನೊಂದು ಸಿಕ್ಕದಿದ್ದರೆ, ಅವನ ಸೂಚ್ಯಂಕ ಹತ್ತು. ಈ ಲೆಕ್ಕದ ಪ್ರಕಾರ, ಸಾಧಾರಣವಾದ ಇಪ್ಪತ್ತು ಲೇಖನಗಳನ್ನು ಬರೆದು ಪ್ರತಿಯೊಂದಕ್ಕೂ ಇಪ್ಪತ್ತು ಉಲ್ಲೇಖ ಪಡೆದವನ ಸೂಚ್ಯಂಕ ಇಪ್ಪತ್ತು. ಜಗತ್ತೇ ಹತ್ತು ಸಾವಿರ ಸಲ ನೆನೆದ ಒಂದೇ ಒಂದು ಲೇಖನ ಬರೆದು ಸುಮ್ಮನಾದವನದು ಒಂದು. ಈಗ ಪತ್ರಿಕೆಗಳಲ್ಲಿ ಬರುವ ಶೇಕಡ ಎರಡರ ಪಟ್ಟಿ ಇದಕ್ಕಿಂತ ಎಚ್ಚರಿಕೆಯಿಂದ ಮಾಡಿದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಐಯೊನಿಡಿಸ್ ಮತ್ತು ಸಂಗಡಿಗರು ೨೦೧೯ರಲ್ಲಿ ಇದನ್ನು ಮೊದಲು ಪ್ರಕಟಿಸಿದರು. ಎಲ್ಸೆವಿಯರ್ ಎಂಬ ಪ್ರಕಾಶನ ಸಂಸ್ಥೆಯ 'ಸ್ಕೋಪಸ್' ಎಂಬ ಕೋಶ ಇದಕ್ಕೆ ಆಧಾರ. ಆರು ಬಗೆಯ ಎಣಿಕೆಗಳನ್ನು ಕೂಡಿಸಿ, ಬೇರೆ ಬೇರೆ ಶಾಸ್ತ್ರಗಳನ್ನು ಬೇರೆಯಾಗಿಟ್ಟು, ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಕಳೆದರೆ ಎಷ್ಟು ಉಳಿಯುತ್ತದೆಂಬುದನ್ನೂ ತೋರಿಸಿ ಇದನ್ನು ಸಿದ್ಧಪಡಿಸುತ್ತಾರೆ. ಪಟ್ಟಿ ಮಾಡಿದವರ ಶ್ರಮವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಷ್ಟು ಜಾಣತನದಿಂದ ಎಣಿಸಿದರೂ ಅದು ಎಣಿಕೆಯೇ. ಪಟ್ಟಿಯಲ್ಲಿರುವವರ ಕೃತಿಗಳನ್ನು ಯಾರೋ ಕುಳಿತು ಓದಿ, ತೂಗಿ, ಇವರು ಮೇಲು ಎಂದು ಹೇಳಿದ್ದಲ್ಲ. ಪ್ರಶಸ್ತಿಯಲ್ಲದ್ದನ್ನು ಪ್ರಶಸ್ತಿಯೆಂಬಂತೆ ಅಚ್ಚುಹಾಕುತ್ತಿರುವವರು ನಾವು.

ಎಣಿಕೆಯ ಕಣ್ಣಿಗೆ ಏನು ಬೀಳುತ್ತದೆ, ಏನು ಬೀಳುವುದಿಲ್ಲ ಎಂಬುದನ್ನು ಉದಾಹರಣೆಗಳಿಂದ ನೋಡೋಣ. ವಿಜ್ಞಾನದ ಚರಿತ್ರೆಯಲ್ಲೇ ಅತಿ ಹೆಚ್ಚು ಸಲ ಉಲ್ಲೇಖಗೊಂಡ ಲೇಖನ ಯಾವುದು? ಐನ್‌ಸ್ಟೀನರದಲ್ಲ. ೧೯೫೧ರಲ್ಲಿ ಆಲಿವರ್ ಲೌರಿ ಎಂಬ ಅಮೆರಿಕನ್ ಜೀವರಸಾಯನ ವಿಜ್ಞಾನಿ ತನ್ನ ಸಹೋದ್ಯೋಗಿಗಳೊಡನೆ ಬರೆದದ್ದು. ಒಂದು ದ್ರಾವಣದಲ್ಲಿ ಪ್ರೋಟೀನು ಎಷ್ಟಿದೆ ಎಂದು ಅಳೆಯುವ ಕ್ರಮವನ್ನು ತಿಳಿಸುವ ಲೇಖನ. ಮೂರು ಲಕ್ಷಕ್ಕೂ ಮೀರಿ ಅದರ ಉಲ್ಲೇಖಗಳಾಗಿವೆ. ಅದು ಬಹಳ ಉಪಯೋಗದ ಕೆಲಸ; ಆದರೆ ಅದೇನೂ ಮಹತ್ತ್ವದ ಲೇಖನವಲ್ಲವೆಂದು ಲೌರಿಯೇ ಒಪ್ಪಿಕೊಂಡಿದ್ದ. ೨೦೧೪ರಲ್ಲಿ 'ನೇಚರ್' ಪತ್ರಿಕೆ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಲೇಖನಗಳ ಪಟ್ಟಿ ಮಾಡಿತು. ಅದರಲ್ಲಿ ಹೆಚ್ಚಿನವು ಇಂಥ ಕ್ರಮಗಳನ್ನೂ ಸಾಧನಗಳನ್ನೂ ವಿವರಿಸುವ ಲೇಖನಗಳೇ. ೧೯೫೩ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿ.ಎನ್.ಎ.ಯ ರಚನೆಯನ್ನು ತಿಳಿಸಿದ ಲೇಖನಕ್ಕೆ ಆ ನೂರರಲ್ಲಿ ಸ್ಥಳವಿರಲಿಲ್ಲ. ಅಡಿಗೆಯ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೈಗೆ ಬರುವುದು ಸೌಟು. ಹಾಗೆಂದು ಸೌಟನ್ನು ಊಟವೆನ್ನುವುದುಂಟೇ?

ಇದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿಯಿದೆ. ಒಂದು ವಿಚಾರ ಬಹಳ ದೊಡ್ಡದಾದರೆ ಅದರ ಉಲ್ಲೇಖ ನಿಂತೇಹೋಗುತ್ತದೆ. ನಮ್ಮ ಹೂವಿನ ಹಡಗಲಿಯಲ್ಲಿ ೧೯೨೦ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರ ಉದಾಹರಣೆ ಇದಕ್ಕೆ ಸಾಕು. ೧೯೪೫ರಲ್ಲಿ, ಇನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದಾಗ, ಕಲ್ಕತ್ತದ ಗಣಿತ ಸಂಘದ ಪತ್ರಿಕೆಯಲ್ಲಿ ಅವರು ಒಂದು ಲೇಖನ ಬರೆದರು. ಕೈಯಲ್ಲಿರುವ ಮಾಹಿತಿಯಿಂದ ನಾವು ಮಾಡುವ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೆ ಅದರಲ್ಲಿ ಒಂದು ಮೇರೆಯನ್ನು ತೋರಿಸಿದರು. ಸ್ವೀಡನ್ನಿನ ಕ್ರಾಮೆರ್ ಅವರೂ ಸ್ವತಂತ್ರವಾಗಿ ಅದೇ ಫಲಿತಕ್ಕೆ ಬಂದಿದ್ದರಿಂದ ಅದಕ್ಕೆ 'ಕ್ರಾಮೆರ್-ರಾವ್ ಮೇರೆ' ಎಂದು ಹೆಸರಾಯಿತು. ಇಂದು ಸಂಖ್ಯಾಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಅದಿದೆ. ಅದನ್ನು ಬಳಸುವ ಎಂಜಿನಿಯರು ೧೯೪೫ರ ಆ ಲೇಖನವನ್ನು ತೆರೆದು ನೋಡುವುದಿಲ್ಲ, ಅಡಿಟಿಪ್ಪಣಿಯಲ್ಲಿ ಹೆಸರಿಸುವುದೂ ಇಲ್ಲ. ಪೈಥಾಗೊರಸನ ಪ್ರಮೇಯಕ್ಕೆ ಯಾರು ಅಡಿಟಿಪ್ಪಣಿ ಹಾಕುತ್ತಾರೆ? ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಈ ವಿದ್ಯಮಾನವನ್ನು ಗುರುತಿಸಿ ಹೆಸರಿಟ್ಟಿದ್ದಾರೆ: ಎಲ್ಲರ ಸೊತ್ತಾದದ್ದರ ಮೇಲೆ ಒಡೆಯನ ಹೆಸರು ಅಳಿಸಿಹೋಗುತ್ತದೆ. ಪ್ರಭಾವ ಪೂರ್ಣವಾದಾಗ ಎಣಿಕೆ ನಿಲ್ಲುತ್ತದೆ ಎಂದಾದರೆ, ಎಣಿಕೆಯಿಂದ ಪ್ರಭಾವವನ್ನು ಅಳೆಯುವುದು ಹೇಗೆ? ೨೦೨೩ರಲ್ಲಿ, ತಮ್ಮ ನೂರೆರಡನೆಯ ವಯಸ್ಸಿನಲ್ಲಿ, ರಾವ್ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಎಪ್ಪತ್ತೆಂಟು ವರ್ಷ ಹಿಂದಿನ ಆ ಕೆಲಸವನ್ನು ಬಲ್ಲವರು ಅದರ ಬೆಲೆ ತಿಳಿದು ಕೊಟ್ಟದ್ದು ಅದು. ಅದೇ ವರ್ಷದ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ಇದರ ಇನ್ನೊಂದು ತುದಿಯಲ್ಲಿ ಗ್ರೆಗರ್ ಮೆಂಡಲ್ ನಿಂತಿದ್ದಾನೆ. ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿ ಆನುವಂಶಿಕತೆಯ ನಿಯಮಗಳನ್ನು ಕಂಡ ಆತನ ಲೇಖನ ಪ್ರಕಟವಾದದ್ದು ೧೮೬೬ರಲ್ಲಿ. ವಿದ್ವಜ್ಜಗತ್ತು ಅದನ್ನು ಗಮನಕ್ಕೆ ತಂದುಕೊಂಡದ್ದು ೧೯೦೦ರಲ್ಲಿ. ಆ ಮೂವತ್ತನಾಲ್ಕು ವರ್ಷ ಯಾವ ಪಟ್ಟಿಯಲ್ಲೂ ಆತನ ಹೆಸರು ಬರುವಂತಿರಲಿಲ್ಲ. ತಿರಸ್ಕಾರದಿಂದ ಬಂದ ಕೀರ್ತಿಯೂ ಉಂಟು. ಎಂ.ಎಂ.ಆರ್. ಲಸಿಕೆಗೂ ಮಕ್ಕಳ ಆಟಿಸಂಗೂ ನಂಟಿರಬಹುದೆಂದು ಸೂಚಿಸಿದ ಲೇಖನವೊಂದು ೧೯೯೮ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ೨೦೧೦ರಲ್ಲಿ ಪತ್ರಿಕೆ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಅದನ್ನು ಅಲ್ಲಗಳೆಯುವುದಕ್ಕೆ ಬರೆದ ನೂರಾರು ಲೇಖನಗಳೂ ಅದನ್ನು ಹೆಸರಿಸಲೇಬೇಕಾಯಿತು. ಬರಿಯ ಎಣಿಕೆಯಲ್ಲಿ ಅವೆಲ್ಲ ಆ ಲೇಖನದ ಖಾತೆಗೆ ಜಮೆ.

ಇಷ್ಟೇ ಆಗಿದ್ದರೆ ಇದನ್ನು ಪಂಡಿತರ ಜಗಳವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ತಕ್ಕಡಿ ಇದೆಯೆಂದು ತಿಳಿದ ಕೂಡಲೆ ತೂಗಿಸಿಕೊಳ್ಳುವವರ ನಡತೆ ಬದಲಾಗುತ್ತದೆ. ಹಿಂದೆ ಗೇಣಿಯ ಬತ್ತವನ್ನು ಕೊಳಗದಲ್ಲಿ ಅಳೆಯುತ್ತಿದ್ದ ಕಾಲದಲ್ಲಿ, ಅಳೆಯುವ ಕೈಯ ಚಮತ್ಕಾರದ ಮೇಲೆ ಬತ್ತ ಹೆಚ್ಚೂ ಆಗುತ್ತಿತ್ತು, ಕಡಿಮೆಯೂ ಆಗುತ್ತಿತ್ತು. ಇಲ್ಲಿಯೂ ಅದೇ ಕಥೆ. ೨೦೧೯ರಲ್ಲಿ ಐಯೊನಿಡಿಸ್ ಅವರ ಮಾಹಿತಿಯನ್ನು ಪರಿಶೀಲಿಸಿದಾಗ, ಕನಿಷ್ಠ ೨೫೦ ಮಂದಿ ವಿಜ್ಞಾನಿಗಳ ಉಲ್ಲೇಖಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅವರಿಂದಲೇ ಅಥವಾ ಅವರ ಸಹಲೇಖಕರಿಂದಲೇ ಬಂದದ್ದೆಂದು ಕಂಡುಬಂತು. ಗಾರ್‌ಫೀಲ್ಡರ ಸೂಚಿಯ ವಾರಸುದಾರನಾದ ಕ್ಲಾರಿವೇಟ್ ಸಂಸ್ಥೆ ಪ್ರತಿ ವರ್ಷ ಅತ್ಯಧಿಕ ಉಲ್ಲೇಖ ಪಡೆದವರ ಪಟ್ಟಿಯೊಂದನ್ನು ಪ್ರಕಟಿಸುತ್ತದೆ. ೨೦೨೩ರಲ್ಲಿ ಅದು ಸಂಶಯಾಸ್ಪದರೆಂದು ಒಂದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೈಬಿಡಬೇಕಾಯಿತು. ಆ ವರ್ಷ ಗಣಿತಶಾಸ್ತ್ರದ ವಿಭಾಗವನ್ನೇ ಪಟ್ಟಿಯಿಂದ ತೆಗೆದರು. ಗಣಿತಜ್ಞರು ಬರೆಯುವುದೂ ಕಡಿಮೆ, ಒಬ್ಬರನ್ನೊಬ್ಬರು ಹೆಸರಿಸುವುದೂ ಕಡಿಮೆ. ಅಂಥಲ್ಲಿ ನಾಲ್ಕಾರು ಜನ ಕೂಡಿಕೊಂಡರೂ ತಕ್ಕಡಿ ವಾಲುತ್ತದೆ.

ಇಲ್ಲಿ ಒಂದು ಬಲವಾದ ಪೂರ್ವಪಕ್ಷವಿದೆ; ಅದನ್ನು ಕಡೆಗಣಿಸುವುದು ನ್ಯಾಯವಲ್ಲ. ವಿಜ್ಞಾನದ ಅಧ್ಯಾಪಕರಾದ ನನ್ನ ಸ್ನೇಹಿತರೊಬ್ಬರು ಒಮ್ಮೆ ನನಗೆ ಹೇಳಿದರು: "ಓದಿ ತೀರ್ಮಾನಿಸಬೇಕು ಅಂತೀರಿ. ಆಯ್ಕೆ ಸಮಿತೀಲಿ ಕೂತವರು ಏನನ್ನು ಓದುತ್ತಾರೆ ಸ್ವಾಮಿ? ಅಭ್ಯರ್ಥಿಯ ಜಾತಿ ಓದುತ್ತಾರೆ, ಶಿಫಾರಸು ಪತ್ರ ಓದುತ್ತಾರೆ. ಯಾರ ನೆಂಟಸ್ತಿಕೇನೂ ಇಲ್ಲದ ಹಳ್ಳಿ ಹುಡುಗನಿಗೆ ಆ ನಂಬರೊಂದೇ ದಿಕ್ಕು. ಅದನ್ನೂ ಕಿತ್ತುಕೊಳ್ಳಬೇಡಿ." ಈ ಮಾತಿಗೆ ನಾನು ಸುಲಭವಾಗಿ ಉತ್ತರ ಹೇಳಲಾರೆ. ನಮ್ಮ ದೇಶದಲ್ಲಿ ಅಭಿರುಚಿ, ಅನುಭವ, ಹಿರಿಯರ ತೀರ್ಮಾನ ಎಂಬ ಮಾತುಗಳ ಮರೆಯಲ್ಲಿ ನಡೆದಿರುವ ಅನ್ಯಾಯ ಕಡಿಮೆಯೇನಲ್ಲ. ಸಂಖ್ಯೆಗೆ ಜಾತಿಯಿಲ್ಲ ಎಂಬುದು ಅದರ ದೊಡ್ಡ ಆಕರ್ಷಣೆ.

ಆದರೆ ನಿಜವಾಗಿ ಸಂಖ್ಯೆಗೆ ನೆಂಟರಿಲ್ಲವೇ? ಉಲ್ಲೇಖಗಳು ಆಕಾಶದಿಂದ ಉದುರುವುದಿಲ್ಲ. ಮನುಷ್ಯರೇ ಮನುಷ್ಯರನ್ನು ಹೆಸರಿಸುತ್ತಾರೆ. ದೊಡ್ಡ ಪ್ರಯೋಗಾಲಯ, ದೊಡ್ಡ ಗುರು, ದೊಡ್ಡ ಬಳಗ ಇದ್ದವನಿಗೆ ಅವು ಬೇಗ ಸಿಗುತ್ತವೆ. ಹೆಸರಾದವನಿಗೇ ಮತ್ತಷ್ಟು ಹೆಸರು ಕೂಡಿಕೊಳ್ಳುವ ಈ ಗುಣವನ್ನು ಮರ್ಟನ್ ೧೯೬೮ರಲ್ಲೇ ವಿವರಿಸಿದ್ದರು. ಆ ಹಳ್ಳಿ ಹುಡುಗ ಎರಡನೆಯ ಸಲವೂ ಸೋಲುತ್ತಾನೆ. ಈ ಸಲ ಮಾತ್ರ ಸೋಲಿಗೆ ಲೆಕ್ಕದ ಸಮರ್ಥನೆಯಿರುತ್ತದೆ, ಯಾರನ್ನೂ ಪ್ರಶ್ನಿಸುವಂತಿಲ್ಲ. ಪಕ್ಷಪಾತ ಮಾಡುವ ತೀರ್ಪುಗಾರನಿಗೆ 'ಯಾಕೆ?' ಎಂದು ಕೇಳಬಹುದು, ಲಿಖಿತ ಕಾರಣ ಕೊಡಿ ಎಂದು ಒತ್ತಾಯಿಸಬಹುದು. ಸಂಖ್ಯೆಯನ್ನು ಏನೆಂದು ಕೇಳುವುದು? ಸಂಖ್ಯೆಯನ್ನು ಸಾಕ್ಷಿಯಾಗಿ ಕರೆಯೋಣ, ಅದಕ್ಕೆ ನನ್ನ ಅಭ್ಯಂತರವಿಲ್ಲ. ಸಾಕ್ಷಿಯನ್ನೇ ನ್ಯಾಯಾಧೀಶನ ಪೀಠದಲ್ಲಿ ಕೂರಿಸುವುದು ಬೇಡ. ೨೦೧೩ರಲ್ಲಿ ನೊಬೆಲ್ ಬಹುಮಾನ ಪಡೆದ ಪೀಟರ್ ಹಿಗ್ಸ್, ೧೯೬೪ರ ತಮ್ಮ ಹೆಸರಾಂತ ಕೆಲಸದ ನಂತರ ಬರೆದದ್ದು ಹತ್ತಕ್ಕಿಂತ ಕಡಿಮೆ ಲೇಖನಗಳನ್ನು. ಇಂದಿನ ವ್ಯವಸ್ಥೆಯಲ್ಲಿ ತಮ್ಮನ್ನು ಯಾರೂ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಅವರೇ ಹೇಳಿದ್ದುಂಟು.

ಇನ್ನು ನಮ್ಮ ಮನೆಯ ಮಾತಿಗೆ ಬರುತ್ತೇನೆ. ವಿಜ್ಞಾನಕ್ಕೆಂದು ತಂದ ತಕ್ಕಡಿ ಈಗ ನಮ್ಮ ವಿಭಾಗಗಳ ಬಾಗಿಲಿಗೂ ಬಂದಿದೆ. ಯು.ಜಿ.ಸಿ. ೨೦೧೦ರಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಗಳ ಪದ್ಧತಿಯನ್ನು ತಂದಿತು. ೨೦೧೮ರ ನಿಯಮಾವಳಿಯ ಕೋಷ್ಟಕದಲ್ಲಿ, ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬರುತ್ತದೆಂಬ 'ಇಂಪ್ಯಾಕ್ಟ್ ಫ್ಯಾಕ್ಟರ್' ಎಂಬ ಎಣಿಕೆ ಇಲ್ಲದ ಪತ್ರಿಕೆಯ ಲೇಖನಕ್ಕೆ ಹೆಚ್ಚುವರಿಯಾಗಿ ಐದು ಅಂಕವಾದರೆ, ಆ ಎಣಿಕೆ ಹತ್ತಕ್ಕೆ ಮೇಲ್ಪಟ್ಟ ಪತ್ರಿಕೆಯ ಲೇಖನಕ್ಕೆ ಮೂವತ್ತು. ಉಲ್ಲೇಖಗಳ ದೊಡ್ಡ ಕೋಶಗಳಲ್ಲಿರುವುದು ಬಹುಮಟ್ಟಿಗೆ ಇಂಗ್ಲಿಷ್ ಪತ್ರಿಕೆಗಳು. ೧೯೫೩ರಲ್ಲಿ ಬಂದ ತೀ.ನಂ.ಶ್ರೀಯವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದದೆ ಕನ್ನಡ ಎಂ.ಎ. ಮುಗಿಸಿದವರು ವಿರಳ; ೧೯೬೬ರಲ್ಲಿ ಬಂದ ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಶಾಸನಗಳನ್ನು ಓದುವ ನಮ್ಮ ಬಗೆಯನ್ನೇ ಬದಲಿಸಿತು. ಇವುಗಳ ಪ್ರಭಾವಕ್ಕೆ ಆ ಕೋಷ್ಟಕದಲ್ಲಿ ಮನೆಯೆಲ್ಲಿ?

ಶಾಸನಗಳಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ನನ್ನನ್ನು ಕೇಳಿದ: "ಸಾರ್, ಊರೂರು ತಿರುಗಿ ಕಲ್ಲು ಓದಿ ಕನ್ನಡದಲ್ಲಿ ಬರೆದರೆ ಅದನ್ನು ಯಾರು ಎಣಿಸ್ತಾರೆ?" ಯಾರು ಓದುತ್ತಾರೆ ಎಂದು ಅವನು ಕೇಳಲಿಲ್ಲ. ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ನನ್ನ ಚಿಂತೆಗೆ ಕಾರಣ. ಅವನನ್ನು ದೂರಿ ಪ್ರಯೋಜನವಿಲ್ಲ. ಹೊಟ್ಟೆಪಾಡಿನ ಮಾತು ಅದು. ಹೋಗಿ ಕಲ್ಲು ಓದು ಎಂದೆ. ಓದಿದ್ದನ್ನು ತಂದುಕೊಟ್ಟರೆ ನಾನು ಓದುತ್ತೇನೆ, ಬಲ್ಲವರಿಂದ ಓದಿಸುತ್ತೇನೆ ಎಂದೆ. ಅಷ್ಟು ಮಾತ್ರ ನನ್ನ ಕೈಯಲ್ಲಿತ್ತು.

ಈ ವಿಚಾರದಲ್ಲಿ ವಿಜ್ಞಾನಿಗಳೇ ನಮಗಿಂತ ಮೊದಲು ಎಚ್ಚೆತ್ತಿದ್ದಾರೆ. ೨೦೧೨ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಘೋಷಣೆ, ಪತ್ರಿಕೆಯ ಎಣಿಕೆಯನ್ನು ನೋಡಿ ಮನುಷ್ಯನನ್ನು ಅಳೆಯಬೇಡಿ ಎಂದಿತು. ೨೦೧೫ರ ಲೈಡನ್ ಪ್ರಣಾಳಿಕೆ, ಸಂಖ್ಯೆ ಬಲ್ಲವರ ತೀರ್ಮಾನಕ್ಕೆ ಆಸರೆಯಾಗಬೇಕು ಎಂದದ್ದಲ್ಲದೆ, ಆಯಾ ನೆಲಕ್ಕೆ, ಆಯಾ ಭಾಷೆಗೆ ಸಂಬಂಧಿಸಿದ ಸಂಶೋಧನೆಯನ್ನು ಕಾಪಾಡಬೇಕೆಂದೂ ಹೇಳಿತು. ನಮ್ಮ ವಿಶ್ವವಿದ್ಯಾನಿಲಯಗಳು ಇದರಿಂದ ಒಂದು ಸಣ್ಣ ಪಾಠವನ್ನಾದರೂ ಕಲಿಯಬಹುದು. ಅಭ್ಯರ್ಥಿಯ ಮೂರು ಲೇಖನಗಳನ್ನು, ಅವನೇ ಆರಿಸಿಕೊಟ್ಟದ್ದನ್ನು, ಸಮಿತಿಯವರು ಓದಲಿ. ಅವುಗಳಲ್ಲಿ ಏನಿದೆ, ಏನಿಲ್ಲ ಎಂದು ಒಂದು ಪುಟ ಬರೆದು, ರುಜು ಹಾಕಿ, ಅಭ್ಯರ್ಥಿಗೆ ಅದರ ಪ್ರತಿ ಕೊಡಲಿ. ಶಿಫಾರಸಿನ ಕಾಟಕ್ಕೂ ಸಂಖ್ಯೆಯ ಕಾಟಕ್ಕೂ ನನಗೆ ತೋರುವ ಮದ್ದು ಇದೊಂದೇ: ಓದಿದವನು ತಾನು ಓದಿದ್ದಕ್ಕೆ ಹೊಣೆಯಾಗುವುದು.

ಪತ್ರಿಕೆಯವರಲ್ಲಿಯೂ ಒಂದು ಅರಿಕೆಯಿದೆ. ಮುಂದಿನ ವರ್ಷ ಪಟ್ಟಿ ಬಂದಾಗ ಭಾವಚಿತ್ರಗಳನ್ನು ಅಗತ್ಯವಾಗಿ ಹಾಕಿ. ಜೊತೆಗೆ ಪ್ರತಿಯೊಬ್ಬರ ಹೆಸರಿನ ಕೆಳಗೆ ಅವರು ಮಾಡಿದ ಕೆಲಸವೇನೆಂಬುದನ್ನು, ನಮ್ಮಂಥವರಿಗೂ ತಿಳಿಯುವ ಕನ್ನಡದಲ್ಲಿ, ಎರಡು ವಾಕ್ಯ ಬರೆಸಿ. ಆ ವಿಜ್ಞಾನಿಗಳಿಗೆ ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ಯಾವ ಪಟ್ಟಿಯೂ ಮಾಡಲಾರದು.